ಸೋತವರ ಮನೆ ಮುಂದೆ ನಿಂತ ಬ್ಯಾಂಡ್‌ಸೆಟ್ಟು

ಮೊಳಕಾಲ್ಮೂರಿನ ನಮ್ಮ ಬ್ಯಾಂಡ್‌ಸೆಟ್ಟಿನಲ್ಲಿ ಸೋದರಮಾವ ಕ್ಲಾರಿನೆಟ್ ಊದುತ್ತಿದ್ದ, ನಾನು ಡ್ರಮ್ ಬಾರಿಸುತ್ತಿದ್ದೆ. ತೊಂಬತ್ತರ ದಶಕದ ಆ ವರ್ಷಗಳಲ್ಲಿ ಮದುವೆಯವರಂತೆಯೇ ಚುನಾವಣೆಯವರೂ ನಮ್ಮನ್ನು ಹುಡುಕಿಕೊಂಡು ಬರುತ್ತಿದ್ದರು. ಯಾವ ಪಕ್ಷ ಅಂತ ಮಾವ ಕೇಳುತ್ತಿರಲಿಲ್ಲ. "ಊದೋನಿಗೆ ಯಾವ ಪಾರ್ಟಿಯಲೇ?" ಅನ್ನುತ್ತಿದ್ದ.

ಆ ಸಲ ಚಳ್ಳಕೆರೆಯಲ್ಲಿ ಮತ ಎಣಿಕೆ ಮುಗಿದಾಗ ನಡುಮಧ್ಯಾಹ್ನ. ಗೆದ್ದವರ ಮೆರವಣಿಗೆಗೆ ನಾವೇ ಮುಂದೆ. ಗುಲಾಲು ಕಣ್ಣಿಗೆ ಬಿದ್ದು ಉರಿಯುತ್ತಿತ್ತು. ಪೇಟೆ ಬೀದಿಯಲ್ಲಿ ನೆಟ್ಟಗೆ ಹೋಗಬೇಕಿದ್ದ ಮೆರವಣಿಗೆಯನ್ನು ಹುಡುಗರು ಏಕಾಏಕಿ ಒಂದು ಓಣಿಗೆ ತಿರುಗಿಸಿದರು. ಬಾಗಿಲು ಮುಚ್ಚಿದ್ದ ಒಂದು ಮನೆಯ ಮುಂದೆ ನಿಲ್ಲಿಸಿ ಕೇಕೆ ಹಾಕಿದರು. ಅದು ಸೋತ ಅಭ್ಯರ್ಥಿಯ ಮನೆ ಅಂತ ನಮಗೆ ಆಗಲೇ ತಿಳಿದದ್ದು.

ಅಂಗಿ ಬಿಚ್ಚಿ ಸೊಂಟಕ್ಕೆ ಕಟ್ಟಿಕೊಂಡಿದ್ದವನೊಬ್ಬ ಮಾವನ ಎದುರು ಬಂದ.

"ಹೆಣದ ಮುಂದೆ ಊದ್ತೀಯಲ್ಲ, ಅದನ್ನ ಊದು."

"ಈ ಮನ್ಯಾಗೆ ಯಾರೂ ಸತ್ತಿಲ್ಲಪ್ಪ," ಅಂದ ಮಾವ.

"ಊದಲೇ!"

ಮಾವ ಕ್ಲಾರಿನೆಟ್ಟಿನ ಊದುವ ತುದಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡ. ಅವನು ಮಾವನ ಕೊರಳಪಟ್ಟಿ ಹಿಡಿದೆಳೆದ, ಪರ್ರೆಂದು ಹರಿಯಿತು. ಓಣಿ ಬಾಯಲ್ಲಿದ್ದ ಪೊಲೀಸರಿಬ್ಬರು ಬೇರೆ ಕಡೆ ನೋಡುತ್ತಿದ್ದರು.

ಆಮೇಲೆ ಅವನು ನನ್ನ ಕಡೆ ತಿರುಗಿದ. "ನೀನು ಬಾರಿಸ್ತೀಯೋ, ಡ್ರಮ್ಮೇ ಒಡೀಲೋ?"

ನಾನು ಬಾರಿಸಿದೆ. ನಾಲ್ಕೇ ಏಟು, ಸ್ಮಶಾನದ ದಾರಿಯಲ್ಲಿ ಬಾರಿಸುವ ನಿಧಾನದ ಏಟು.

ಬಾಗಿಲು ತೆರೆಯಿತು. ಸೋತವರು ಬನಿಯನ್ನಿನಲ್ಲೇ ಹೊರಬಂದರು. ಹೆಂಡತಿ ಹಿಂದಿನಿಂದ ಅವರ ತೋಳು ಜಗ್ಗುತ್ತಿದ್ದರು. ಅಷ್ಟು ಜನರಲ್ಲಿ ಅವರು ನೋಡಿದ್ದು ನನ್ನನ್ನು.

"ಬಾರಿಸಪ್ಪ. ನಿಂದೇನ್ ತಪ್ಪೈತೆ?"

ನನ್ನ ಕೈ ಮೇಲೇಳಲಿಲ್ಲ. ಕೇಕೆಗಳು ಒಂದೊಂದಾಗಿ ಅಡಗಿದವು. ಗೆದ್ದವರ ಕಡೆಯ ಹಿರಿಯರೊಬ್ಬರು ಗುಂಪು ಸೀಳಿಕೊಂಡು ಬಂದು, "ಸಾಕು ನಡೀರಲೇ, ನಾಳೆ ಇವ್ರ ಮುಖ ನೋಡೋದು ಬ್ಯಾಡವಾ?" ಅಂತ ಗದರಿದರು. ಮೆರವಣಿಗೆ ವಾದ್ಯವಿಲ್ಲದೆ ಹಿಂದಕ್ಕೆ ಸರಿಯಿತು.

ಊರಿಗೆ ಮರಳುವ ಬಸ್ಸಿನಲ್ಲಿ ಮಾವ ಹರಿದ ಕೊರಳಪಟ್ಟಿಯನ್ನು ಒಳಕ್ಕೆ ಮಡಚಿಕೊಂಡು ಕೂತಿದ್ದ. ಅರ್ಧ ದಾರಿ ಕಳೆದ ಮೇಲೆ ಕೇಳಿದ, "ಹೆದ್ರಿದ್ಯೇನಲೇ?"

"ಹೂಂ ಮಾವ."

"ನಾನೂ ಹೆದ್ರಿದ್ದೆ."

ಬೈಯುತ್ತಾನೆ ಅಂತ ಕಾದಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಮುಂದಿನ ಚುನಾವಣೆಗೆ ಕರೆಯಲು ಬಂದವರಿಗೆ ಮಾವ ಚಹಾ ಕೊಟ್ಟು, ಆಗಲ್ಲವೆಂದು ಕಳಿಸಿಬಿಟ್ಟ. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ, ಹೊರಗೆ ಬರಲಿಲ್ಲ.