ಕುಡಿಯದ ಕ್ರಿಸ್ಪಿನ್‌ನ ಭಟ್ಟಿ

ಸೋಲಾ ದೆ ವೇಗಾ ಊರಿನ ಮೇಲಿನ ಗುಡ್ಡದಲ್ಲಿ ಕ್ರಿಸ್ಪಿನ್‌ನದೊಂದು ಸಣ್ಣ ಭಟ್ಟಿ. ಎರಡು ಮಣ್ಣಿನ ಗಡಿಗೆ, ಒಂದು ಸುಡುವ ಗುಂಡಿ, ಮೇಲೊಂದು ತಗಡಿನ ಸೂರು. ಓಕ್ ಮರಗಳ ನೆರಳಲ್ಲಿ ತಾನಾಗಿ ಬೆಳೆದ ತೊಬಾಲಾ ಕತ್ತಾಳೆಯ ಗಡ್ಡೆ ಕಡಿದು, ಕತ್ತೆಯ ಮೇಲೆ ಹೇರಿಕೊಂಡು ಬಂದು ಮೆಸ್ಕಾಲ್ ಎಂಬ ಸಾರಾಯಿ ಇಳಿಸುವುದು ಅವನ ಕಸುಬು. ಕೈಗುಣ ಒಳ್ಳೆಯದಿತ್ತು, ಕುಡಿತ ಮಾತ್ರ ಹಿಡಿತದಲ್ಲಿರಲಿಲ್ಲ.

ಒಂದು ಸಲ ಗಡ್ಡೆ ಬೇಯಲು ಗುಂಡಿಗೆ ಹಾಕಿ, ಗೆಳೆಯನ ಮದುವೆಗೆ ಹೋದವನು ಕುಡಿದು ಎರಡು ದಿನ ಅಲ್ಲೇ ಬಿದ್ದಿದ್ದ. ಇತ್ತ ಮೇಲೆ ಮುಚ್ಚಿದ ಮಣ್ಣು ಬಿರುಕು ಬಿಟ್ಟು, ಗಾಳಿ ನುಗ್ಗಿ, ಹದಿನೈದು ವರ್ಷ ಬೆಳೆದ ಗಡ್ಡೆಗಳು ಇದ್ದಿಲಾದವು. ಹೆಂಡತಿ ಒದಿಲಿಯಾ ಬೈಯಲಿಲ್ಲ. ಅದೇ ಅವನಿಗೆ ಚುಚ್ಚಿತು. ಹುಕೀಲಾದ ಮಾತೆಯ ಗುಡಿಗೆ ನಡೆದೇ ಹೋಗಿ, ಒಂದು ವರ್ಷ ಮದ್ಯ ತುಟಿಗೂ ಸೋಕಿಸುವುದಿಲ್ಲವೆಂದು ಹರಕೆ ಹೊತ್ತು ಬಂದ.

ಆಮೇಲೆ ಶುರುವಾಯಿತು ಪೇಚಾಟ. ಮೆಸ್ಕಾಲಿನ ಹದ ನೋಡುವುದು ಬಿದಿರಿನಂಥ ಟೊಳ್ಳು ಜೊಂಡಿನ ಕೊಳವೆಯಲ್ಲಿ. ಬಾಯಿಂದ ಎಳೆದು, ಸೋರೆಬುರುಡೆಗೆ ಬಿಟ್ಟು, ಗುಳ್ಳೆ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡಬೇಕು. ಎಳೆದರೆ ತುಟಿ ಒದ್ದೆ. ಗಂಟಲಿಗಿಳಿಯದಿದ್ದರೆ ತಪ್ಪಿಲ್ಲ ಎಂದರು ಪಾದ್ರಿ. ಒದಿಲಿಯಾ ಒಪ್ಪಲಿಲ್ಲ. ಅವಳಿಗೋ ಆ ವಾಸನೆಗೇ ತಲೆನೋವು. ಕೊನೆಗೆ ತನ್ನ ತಾಯಿಯನ್ನು ಕರೆಸಿದಳು.

ಎಪಿಫಾನಿಯಾಗೆ ಆಗ ಎಪ್ಪತ್ತೊಂದು. ಮಗಳು ಈ ಕುಡುಕನನ್ನು ಕಟ್ಟಿಕೊಂಡಿದ್ದು ಅವಳಿಗೆ ಎಂದೂ ಹಿಡಿಸಿರಲಿಲ್ಲ. ಆದರೆ ಎಪಿಫಾನಿಯಾಳ ಅಪ್ಪನೂ ಭಟ್ಟಿಯವನೇ. ಹೆಂಗಸರು ಹತ್ತಿರ ಬಂದರೆ ಗಡಿಗೆ ಒಡೆಯುತ್ತದೆಂದು ಅವಳನ್ನು ಓಡಿಸುತ್ತಿದ್ದ. ಅವಳು ಬೇಲಿಯಾಚೆ ನಿಂತೇ ಎಲ್ಲ ಕಲಿತಿದ್ದಳು.

ಬಂದವಳು ಕೊಳವೆ ಎಳೆದು, ಬುರುಡೆಗೆ ಬಿಟ್ಟು, ಗುಳ್ಳೆ ನೋಡಿ, ಒಂದು ಗುಟುಕು ಕುಡಿದು ಬುರುಡೆ ಕೆಳಗಿಟ್ಟಳು.

"ಏನತ್ತೆ?"

"ಕೊನೆಗೆ ಬರೋ ತೆಳು ಧಾರೆ ಜಾಸ್ತಿ ಬಿಟ್ಟಿದ್ದೀಯ. ಬೇಗ ನಿಲ್ಲಿಸಬೇಕಿತ್ತು."

ಕ್ರಿಸ್ಪಿನ್‌ಗೆ ಸಿಟ್ಟು ಬಂತು. ಇಪ್ಪತ್ತು ವರ್ಷದಿಂದ ಇಳಿಸುವವನಿಗೆ ಇವಳು ಹೇಳಿಕೊಡುವುದೇ! ಹಾಗೆಯೇ ಸೀಸೆಗೆ ತುಂಬಿ ಊರಹಬ್ಬಕ್ಕೆ ಕಳಿಸಿದ. ಹಬ್ಬದ ಯಜಮಾನ ಒಂದು ಗುಟುಕಿಗೇ ಮುಖ ಹಿಂಡಿ, ಈ ಸಲ ಒದ್ದೆ ರಟ್ಟಿನ ವಾಸನೆ ಎಂದುಬಿಟ್ಟ. ಮುಂದಿನ ಸಲ ಕ್ರಿಸ್ಪಿನ್ ಅತ್ತೆ ಕೈಯೆತ್ತಿದ ಕೂಡಲೇ ಧಾರೆ ನಿಲ್ಲಿಸಿದ. ಆ ಸೀಸೆಗಳು ಮುಂದಿನ ಹಬ್ಬ ಮುಗಿಯುವ ಮೊದಲೇ ಖಾಲಿಯಾದವು.

ಹೀಗೇ ವರ್ಷ ಉರುಳಿತು. ಹರಕೆ ಮುಗಿದ ದಿನ ಎಪಿಫಾನಿಯಾ ತಾನೇ ಬುರುಡೆ ತುಂಬಿ ಕೊಟ್ಟಳು. ಕ್ರಿಸ್ಪಿನ್ ನಿಧಾನವಾಗಿ ಕುಡಿದ. ಹಣ್ಣಿನ ಕಂಪು, ಒದ್ದೆ ಮಣ್ಣಿನ ತಂಪು, ಕೊನೆಗೆ ಹಿತವಾದ ಹೊಗೆ.

"ನಿಮ್ಮಪ್ಪ ನಿಮ್ಮನ್ನ ಓಡಿಸಿ ದೊಡ್ಡ ತಪ್ಪು ಮಾಡಿದ್ರು," ಎಂದ.

ಮುದುಕಿ ಸೆರಗಿನಂಥ ಶಾಲಿನಿಂದ ಮೂಗು ಒರೆಸಿಕೊಂಡಳು.

ಮರುವಾರ ಅವನು ಮತ್ತೆ ಹುಕೀಲಾಕ್ಕೆ ನಡೆದು ಇನ್ನೊಂದು ವರ್ಷದ ಹರಕೆ ಹೊತ್ತ. ಬೆಳಗ್ಗೆ ಎದ್ದಾಗ ತಲೆ ಹಗುರವಾಗಿರುತ್ತದೆ, ಅದಕ್ಕೇ ಎಂದ. ಅಮ್ಮನ ಕೆಲಸ ಹೋಗಬಾರದೂಂತ, ಎಂದು ಒದಿಲಿಯಾ ನಕ್ಕಳು. ಅವನೂ ನಕ್ಕ.

ಈಗ ಎಪಿಫಾನಿಯಾಗೆ ಎಪ್ಪತ್ತನಾಲ್ಕು, ಹರಕೆ ಇನ್ನೂ ಮುಂದುವರಿದಿದೆ. ಶನಿವಾರ ಶನಿವಾರ ಬೇಯಿಸಿದ ಕಾಳು ತುಂಬಿದ ಮೆಕ್ಕೆಜೋಳದ ರೊಟ್ಟಿ ಕಟ್ಟಿಕೊಂಡು ಬರುತ್ತಾಳೆ. ಈ ವಾರದ ಜಗಳ, ಬಂಡೆಯ ಮಗ್ಗುಲಿನ ದೊಡ್ಡ ತೊಬಾಲಾ ಕಡಿಯುವುದೋ, ಬೀಜಕ್ಕೆ ಬಿಡುವುದೋ ಎಂದು. ಅದು ಹೂವಿನ ಕಾಂಡ ಎತ್ತತೊಡಗಿದೆ; ಹೂಬಿಟ್ಟರೆ ಗಡ್ಡೆಯ ಸಿಹಿಯೆಲ್ಲ ಹೋಗುತ್ತದೆ, ಆದರೂ ಬೀಜಕ್ಕೆ ಬಿಡು ಎಂದಳು ಮುದುಕಿ. ಕ್ರಿಸ್ಪಿನ್ ಗೊಣಗುತ್ತ ಮಚ್ಚು ಕೆಳಗಿಟ್ಟು ರೊಟ್ಟಿಗೆ ಕೈಚಾಚಿದ.