ಹುಣಸೆ ಬೀಜ ಅಂಟಿಸಿದ ಕೀಬೋರ್ಡು

ಸೈಕಲ್ ಪಂಕ್ಚರ್ ಹಚ್ಚುವ ಸೊಲ್ಯೂಷನ್ನಿಗೆ ಒಂದು ಘಾಟು ವಾಸನೆ ಇರುತ್ತದೆ. ಕಳೆದ ವಾರ ಅದರ ಮುಚ್ಚಳ ತೆಗೆದೆ, ವಾಸನೆ ಮೂಗಿಗೆ ಬಡಿಯಿತು, ಕೈಯಲ್ಲಿದ್ದ ಹುಣಸೆ ಬೀಜ ಹಾಗೆಯೇ ಉಳಿಯಿತು. ಕೆಟ್ಟು ಕೂತಿದ್ದ ಹಳೆಯ ಕಂಪ್ಯೂಟರನ್ನು ಹುಬ್ಬಳ್ಳಿಯಲ್ಲಿ ರಿಪೇರಿ ಮಾಡಿಸಿ ಮನೆಗೆ ತಂದಿದ್ದೆ. ಸುತ್ತಿದ್ದ ಪೇಪರು ಬಿಚ್ಚಿದಾಗ ಕೀಬೋರ್ಡಿನ ಒಂದು ಬಟನ್ನಿನ ಮೇಲಿನ ಬೀಜ ಕಳಚಿ ಬಿದ್ದಿತ್ತು. ಅದನ್ನು ಯಾವುದರಿಂದ ಅಂಟಿಸಬೇಕು ಎಂಬ ಪ್ರಶ್ನೆಯೇ ಇರಲಿಲ್ಲ. ಮೊದಲ ಸಲ ಅಕ್ಕೋರು ಅಂಟಿಸಿದ್ದೂ ಇದೇ ಸೊಲ್ಯೂಷನ್ನಿನಿಂದ, ನಮ್ಮ ಪಡಸಾಲೆಯ ಚಾಪೆಯ ಮೇಲೆ ಕುಳಿತು...

ಅಕ್ಕೋರು ನಮ್ಮ ಬಾಜು ಮನೆಯವರು. ಗುಡಗೇರಿಯಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವರದೊಂದು ಟೈಪಿಂಗ್ ಕ್ಲಾಸು ಇತ್ತು. ಮುಂದೆ ಟೈಪ್‌ರೈಟರುಗಳು ಹೋಗಿ ಕಂಪ್ಯೂಟರುಗಳು ಬಂದವು, ಹೆಸರು ಮಾತ್ರ ಟೈಪಿಂಗ್ ಕ್ಲಾಸು ಎಂದೇ ಉಳಿಯಿತು. ಅವರ ಯಜಮಾನರು ಕಾಳು ಮಾರಿಸಿಕೊಡುವ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದರು. ವಯಸ್ಸಿನಲ್ಲಿ ಅಕ್ಕೋರು ನನಗಿಂತ ಬಹಳ ಚಿಕ್ಕವರು. ಆದರೆ ಪಾಠ ಹೇಳಿ ಊರಿಗೆಲ್ಲ ಅಕ್ಕೋರು ಆದವರು ನನಗೂ ಅಕ್ಕೋರೇ ಆದರು.

ಕ್ಲಾಸು ಅವರ ಹೊಟ್ಟೆಪಾಡು. ಪ್ರೀತಿಯ ಕೆಲಸ ಬೇರೆಯೇ ಇತ್ತು. ಕಂಪ್ಯೂಟರು ಕಾರ್ಖಾನೆಯಿಂದ ಬಂದ ಹಾಗೆಯೇ ಇರಬಾರದು, ಅದರ ಮುಂದೆ ಕೂರುವವರ ಹಾಗಿರಬೇಕು ಎಂಬುದು ಅವರ ಹಟ. ಪರದೆಯ ಮೂಲೆಗೆ ಗಡಿಯಾರ ಕೂರಿಸುವುದು, ಹೊತ್ತಿಗೆ ತಕ್ಕಂತೆ ಬಣ್ಣ ಬದಲಿಸುವುದು, ಒಂದು ಬಟನ್ನಿನ ಕೆಲಸವನ್ನು ಇನ್ನೊಂದಕ್ಕೆ ಹಚ್ಚುವುದು, ಇಂಥ ಸಣ್ಣ ಸಣ್ಣ ಪ್ರೋಗ್ರಾಮುಗಳನ್ನು ತಾವೇ ಬರೆದು ಇಂಟರ್‌ನೆಟ್ಟಿನಲ್ಲಿ ಬಿಡುತ್ತಿದ್ದರು. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಳ್ಳಬಹುದಿತ್ತು. ಈ ಹುಚ್ಚು ಇರುವವರು ಲೋಕದ ತುಂಬ ಇದ್ದಾರೆಂದು ನನಗೆ ತಿಳಿದದ್ದು ಅವರಿಂದ. ಒಮ್ಮೆ ಯಾವುದೋ ದೂರದ ದೇಶದಿಂದ ಬಂದ ಪತ್ರವನ್ನು ಪರದೆಯ ಮೇಲೆ ತೋರಿಸಿದರು.

"ಈ ಮನುಷ್ಯಾಗ ಗುಡಗೇರಿ ಯಾವ ದಿಕ್ಕಿಗೈತಿ ಗೊತ್ತಿಲ್ರಿ ಸರ. ಆದ್ರ ಅಂವ ಮುಂಜಾನೆದ್ದು ನೋಡೂ ಗಡಿಯಾರ ನಂದು!"

ನಮ್ಮ ಸುತ್ತಮುತ್ತಲೂ ಅಂಥ ಹುಚ್ಚಿನವರು ಕೆಲವರಿದ್ದರು. ಸಂತೆಯ ದಿನ ಕಂಪ್ಯೂಟರನ್ನು ಕೌದಿಯಲ್ಲಿ ಸುತ್ತಿ, ಮೋಟರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಅಕ್ಕೋರ ಬಳಿ ಬರುತ್ತಿದ್ದರು. ಒಬ್ಬ ದರ್ಜಿಯ ನೆನಪು ಚೆನ್ನಾಗಿದೆ. ರವಿಕೆಯ ನಮೂನೆಗಳನ್ನು ಗಿರಾಕಿಗಳಿಗೆ ಪರದೆಯ ಮೇಲೆ ತೋರಿಸುತ್ತಿದ್ದ, ಆದರೆ ಅವನ ಎರಡೂ ಕೈಯಲ್ಲಿ ಯಾವಾಗಲೂ ಬಟ್ಟೆ, ಕತ್ತರಿ. ಅಕ್ಕೋರು ಅವನ ಅಂಗಡಿಗೇ ಹೋಗಿ ಒಂದು ಮುಂಜಾನೆಯಿಡೀ ಕುಳಿತು ನೋಡಿ ಬಂದರು. ಆಮೇಲೆ ಹೊಲಿಗೆ ಯಂತ್ರದ ಹಳೆಯ ಪೆಡಲಿಗೆ ವೈರು ಜೋಡಿಸಿಕೊಟ್ಟರು. ಕಾಲಲ್ಲಿ ಒತ್ತಿದರೆ ಮುಂದಿನ ರವಿಕೆ. ಕೂತು ನೋಡದೆ ಯಾರ ಕಂಪ್ಯೂಟರಿಗೂ ಕೈ ಹಚ್ಚುವುದಿಲ್ಲ ಎಂಬುದೊಂದೇ ಅವರ ನಿಯಮ.

ನನ್ನ ನಿಯಮಗಳು ಅದಕ್ಕಿಂತ ಹೆಚ್ಚಿದ್ದವು. ಹೈಸ್ಕೂಲಿನ ಮುಖ್ಯಾಧ್ಯಾಪಕನಾಗಿ ಜೀವನ ಕಳೆದವನು. ನಿವೃತ್ತಿಯ ನಂತರ ಗಂಟೆಯಿಲ್ಲದ ದಿನಗಳು ನನಗೆ ಹಿಡಿಸಲಿಲ್ಲ. ಕಂಪ್ಯೂಟರು ಕೊಂಡ ಮೇಲೆ ಅಕ್ಕೋರಿಗೆ ಹೇಳಿದೆ: ಸ್ನಾನಕ್ಕೆ, ಪೇಪರು ಓದುವುದಕ್ಕೆ, ಊಟಕ್ಕೆ, ವಿಶ್ರಾಂತಿಗೆ, ಚಹಾಕ್ಕೆ ಗಂಟೆ ಹೊಡೆಯುವಂತೆ ಮಾಡಿಕೊಡಿ. ಅವರು ಒಂದು ದಿನ ನಮ್ಮ ಮನೆಯಲ್ಲಿ ಕುಳಿತು ನನ್ನನ್ನು ನೋಡಿದರು. ಮರುದಿನ ಶಾಲೆಗೆ ಹೋಗಿ ಅಲ್ಲಿ ತೂಗುಹಾಕಿದ ರೈಲ್ವೆ ಕಂಬಿಯ ಸದ್ದನ್ನೇ ರೆಕಾರ್ಡ್ ಮಾಡಿಕೊಂಡು ಬಂದರು. ನನ್ನ ಶಾಲೆಯ ಗಂಟೆ ನನ್ನ ಪಡಸಾಲೆಯಲ್ಲಿ ಬಾರಿಸತೊಡಗಿತು.

ನನ್ನ ಮನೆಯಾಕೆ ಅಡುಗೆಮನೆಯಿಂದ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಮದುವಿ ಆದಾಗಿಂದ ಇದ ಸಾಲ್ಯಾಗ ಅದೇನಿ. ಒಮ್ಮೆರ ಪಾಸ್ ಮಾಡಿ ಕಳಸ್ರಿ ನನ್ನ!"

ಅಕ್ಕೋರು ಬಿದ್ದು ಬಿದ್ದು ನಕ್ಕರು. ಅವಳ ಬಾಯಿ ಹಾಗಿತ್ತು. ಬೀದಿಯ ಹೆಣ್ಣುಮಕ್ಕಳು ಅವಳ ಮಾತು ಕೇಳಲೆಂದೇ ನಮ್ಮ ಕಟ್ಟೆಗೆ ಬಂದು ಕೂರುತ್ತಿದ್ದರು.

ಒಂದು ಬೆಳಗ್ಗೆ ಆ ಮಾತು ನಿಂತಿತು. ಪಾರ್ಶ್ವವಾಯು. ಬಲಗೈ ಹೋಯಿತು, ಬಲಗಡೆಯ ನೋಟ ಮಸುಕಾಯಿತು. ನಾವು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ತಿರುಗಿ ಹೇಳಲು ಬಾಯಿಗೆ ಮಾತು ಬರುತ್ತಿರಲಿಲ್ಲ. ದಿನವೂ ಧ್ವನಿ ಹೊರಡಿಸುವ ಅಭ್ಯಾಸ ಮಾಡಿಸಿರಿ ಎಂದು ಡಾಕ್ಟರು ಹೇಳಿದರು. ಮಾತಾಡಬೇಕೆನ್ನುವ ಆಸೆಯನ್ನು ಮಾತ್ರ ಆಕೆ ಬಿಡಬಾರದು, ಅದು ಹೋದರೆ ಔಷಧವಿಲ್ಲ ಎಂದರು.

ನಾನು ನೆಟ್ಟಗೆ ಅಕ್ಕೋರ ಬಳಿ ಹೋದೆ. ಬಟನ್ ಒತ್ತಿದರೆ ಕಂಪ್ಯೂಟರು ಅವಳ ಪರವಾಗಿ ಮಾತಾಡುವಂತೆ ಮಾಡಬಹುದೇ ಎಂದು ಕೇಳಿದೆ. ಯಾವ ವೇಳೆಗೆ ಯಾವ ಮಾತು ಬೇಕೆಂದು ನಾನೇ ಹೇಳಿದೆ, ನಾನೇ ಓದಿ ರೆಕಾರ್ಡ್ ಮಾಡಿಸಿದೆ. "ನನಗೆ ನೀರು ಬೇಕು." "ನಾನು ಊಟ ಮಾಡುತ್ತೇನೆ." ಪರದೆಯ ಮೇಲೆ ದೊಡ್ಡ ಬಣ್ಣದ ಚೌಕಗಳು. ಆಯಾ ವೇಳೆಗೆ ಬೇಕಾದ ಚೌಕಗಳಷ್ಟೇ ಕಾಣುತ್ತಿದ್ದವು, ಅವಳಿಗೆ ಗೊಂದಲ ಆಗಬಾರದೆಂದು. ನಮ್ಮಿಬ್ಬರಿಗೂ ಅದು ಅಗದಿ ಅಚ್ಚುಕಟ್ಟಾಗಿ ಕಂಡಿತು.

ಕೆಲವು ದಿನ ಅವಳು ಒತ್ತಿದಳು. ಒಂದು ಮಧ್ಯಾಹ್ನ ಹೊತ್ತಿಗೆ ಮುಂಚೆ ಅವಳಿಗೆ ಚಹಾ ಬೇಕಾಯಿತು. ಚಹಾದ ಚೌಕ ಇನ್ನೂ ಬಂದಿರಲಿಲ್ಲ. ಪರದೆಯ ಮೇಲಿದ್ದದ್ದು "ನಾನು ವಿಶ್ರಾಂತಿ ಪಡೆಯುತ್ತೇನೆ" ಒಂದೇ. ಅವಳು ಅದನ್ನೇ ಒತ್ತಿದಳು, ಮತ್ತೆ ಒತ್ತಿದಳು, ಮತ್ತೆ ಮತ್ತೆ... ಅವಳ ಸಿಟ್ಟೆಲ್ಲ ನನ್ನ ಧ್ವನಿಯಲ್ಲಿ, ಪಾಠ ಓದಿದ ಹಾಗೆ ಹೊರಬೀಳುತ್ತಿತ್ತು. ಕೊನೆಗೆ ಮೌಸನ್ನು ಕೆಳಗೆ ದೂಡಿ, ಹಾಸಿಗೆಗೆ ಹೋಗಿ ಗೋಡೆಯ ಕಡೆ ಹೊರಳಿ ಮಲಗಿದಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂರಲಿಲ್ಲ. ಧ್ವನಿಯ ಅಭ್ಯಾಸವನ್ನೂ ಬಿಟ್ಟಳು. ಕಟ್ಟೆಗೆ ಯಾರಾದರೂ ಬಂದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಡಾಕ್ಟರು ಹೆದರಿದ್ದು ಇದಕ್ಕೇ ಎಂದು ನನಗೆ ಗೊತ್ತಾಯಿತು.

ಸುದ್ದಿ ಕೇಳಿ ಅಕ್ಕೋರು ಹಿತ್ತಲ ಗೋಡೆಯ ಸಂದಿನಿಂದ ಬಂದರು. ಎರಡು ಮನೆಗಳ ನಡುವಿನ ಆ ಗೋಡೆ ಒಂದು ಕಡೆ ಬಿದ್ದು ದಾರಿಯಾಗಿತ್ತು. "ನನ್ನ ರೂಲು ನಾನ ಮುರದೆ ಸರ. ಕಾಕೂನ ನೋಡಬೇಕಾಗಿತ್ತು. ನಿಮ್ಮನ್ನ ನೋಡಿ ಮಾಡೀನಿ" ಎಂದರು. ನನ್ನ ಮನೆಯಾಕೆ ಅವರಿಗೆ ಕಾಕೂ.

ಅಂದು ಕ್ಲಾಸಿಗೆ ರಜೆ ಕೊಟ್ಟು, ಮೆಂತ್ಯ ಸೊಪ್ಪು ಸೋಸುವ ನೆಪದಲ್ಲಿ ನನ್ನ ಮನೆಯಾಕೆಯ ಮಂಚದ ಬಳಿ ಕುಳಿತರು. ನಾನು ನೀರು ಕೊಟ್ಟೆ, ಗುಳಿಗೆ ಕೊಟ್ಟೆ, ದಿಂಬು ಸರಿಪಡಿಸಿದೆ, ಅಭ್ಯಾಸ ಮಾಡು ಎಂದೆ. ಅವಳು ಸಿಟ್ಟಿನಿಂದ ಎಡಗೈಯನ್ನು ಗಾಳಿಯಲ್ಲಿ ಒಮ್ಮೆ ಬೀಸಿ ಕೆಳಗಿಳಿಸಿದಳು. ಅಕ್ಕೋರು ಸೊಪ್ಪಿನಿಂದ ತಲೆ ಎತ್ತಿದ್ದು ಆಗಲೇ. ಊಟದ ಹೊತ್ತಿಗೆ ನನ್ನನ್ನು ಹಿತ್ತಲಿಗೆ ಕರೆದರು.

"ನೀರ ಬೇಕಾದ್ರ ಕಾಕೂ ಕೈಸನ್ನಿ ಮಾಡ್ತಾರ, ನಿಮಗ ತಿಳೀತೈತಿ. ಅದಕ್ಕ ಕಂಪ್ಯೂಟರ್ ಯಾಕ ಬೇಕ್ರಿ? ಬೈಯೂದು ಕೈಸನ್ನಿಲೆ ಹೆಂಗ ಮಾಡಬೇಕ್ರಿ ಅವರು?"

"ಬೈಯೂದು ಬೇಕ ಅಂತೀರೇನು?" ಎಂದೆ.

"ಬೈಲಾರದ ಮಾತಾಡಿದ್ದು ಎಂದರ ಕೇಳೀರೇನ್ರಿ ಕಾಕೂನ ಬಾಯಾಗ?"

ಆಸ್ಪತ್ರೆಯಿಂದ ಬಂದ ಮೇಲೆ ನಾನು ಮೊದಲು ನಕ್ಕದ್ದು ಆಗ.

ಶಲವಡಿಯಲ್ಲಿ ನನ್ನ ಮನೆಯಾಕೆಯ ತಂಗಿ ಇದ್ದಾಳೆ. ಅಕ್ಕನದೂ ಅವಳದೂ ಒಂದೇ ಧ್ವನಿ, ಫೋನಿನಲ್ಲಿ ನಾನೇ ಎಷ್ಟೋ ಸಲ ಮೋಸ ಹೋಗಿದ್ದೇನೆ. ಅಕ್ಕೋರು ಹೇಳಿದಂತೆ ಅವಳನ್ನು ಕರೆಸಿದೆ. ಶೇಂಗಾ ಚಟ್ನಿಯ ಡಬ್ಬಿ ಹಿಡಿದುಕೊಂಡು ಬಂದಳು. ಅಕ್ಕೋರು ಮೈಕನ್ನು ಒಂದು ಸೌಟಿಗೆ ಕಟ್ಟಿ, ಸೌಟನ್ನು ತಂಬಿಗೆಯಲ್ಲಿ ನಿಲ್ಲಿಸಿ ಅವಳ ಮುಂದಿಟ್ಟರು.

"ಮಾಮಾನ ಎದುರಿಗೆ ಹೆಂಗ ಬೈಲ್ರಿ ನಾ?" ಎಂದು ನಾದಿನಿ ಸೆರಗು ಬಾಯಿಗೆ ಹಿಡಿದಳು.

"ಸರ, ನೀವು ಹೊರಗ ಹೋಗ್ರಿ" ಎಂದರು ಅಕ್ಕೋರು. ನನ್ನ ಮನೆಯಲ್ಲಿ ನನ್ನನ್ನು ಹಾಗೆ ಹೊರಗೆ ಕಳಿಸಿದವರು ಅವರೊಬ್ಬರೇ.

ಕಟ್ಟೆಯ ಮೇಲೆ ಕುಳಿತು ನನ್ನ ಮೇಲಿನ ಬೈಗುಳಗಳನ್ನೆಲ್ಲ ಕೇಳಿಸಿಕೊಂಡೆ. ನಾದಿನಿ ಒಂದು ಹೇಳುವಳು, ಅಕ್ಕೋರು "ಇದು ಬೇಕೇನ್ರಿ ಕಾಕೂ?" ಎನ್ನುವರು. ಆಮೇಲೆ ನಗು. "ಇನ್ನೂ ಜೋರ ಬೈರಿ, ಕಾಕೂ ಒಲ್ಲೆ ಅನ್ನಾಕತ್ತಾರ!" ಆ ನಗುವಿನಲ್ಲಿ ಮೂರನೆಯ ಧ್ವನಿಯೊಂದು ಒಡೆದೊಡೆದು ಸೇರಿಕೊಂಡಿತು. ನಾನು ಎದ್ದು ನಿಂತೆ. ಒಳಗೆ ಮಾತ್ರ ಹೋಗಲಿಲ್ಲ.

ಮರುದಿನ ಅಕ್ಕೋರು ಕೀಬೋರ್ಡಿಗೆ ಕೈ ಹಚ್ಚಿದರು. ಪರದೆ ನೋಡುವ ಗೋಜೇ ಬೇಡ, ಎಡಗೈ ಬೆರಳಿಗೇ ಗುರುತು ಸಿಗಬೇಕು ಎಂದು ಎಡಗಡೆಯ ಬಟನ್ನುಗಳ ಮೇಲೆ ಒಂದೊಂದು ವಸ್ತು ಅಂಟಿಸಿದರು. ಕವಡೆ ಒತ್ತಿದರೆ, "ಚಹಾ ಮಾಡ್ರಿ, ಸಕ್ಕರಿ ಹಾಕಿ ಮಾಡ್ರಿ." ಕಟ್ಟಿಗೆ ಉಜ್ಜುವ ಒರಟು ಪಾಲಿಷ್ ಪೇಪರಿನ ತುಂಡು ಒತ್ತಿದರೆ, "ನಿಮ್ಮ ಗಂಟಿ ಬಂದ್ ಮಾಡ್ರಿ ಮೊದಲ." ಹುಣಸೆ ಬೀಜ ಒತ್ತಿದರೆ, "ಸಾಕ್ರಿ ನಿಮ್ಮ ಗದ್ದಲ. ಬಂದು ಕುಂದರ್ರಿ." ಇನ್ನೂ ಕೆಲವು ಇದ್ದವು, ಅವನ್ನು ಇಲ್ಲಿ ಬರೆಯುವ ಹಾಗಿಲ್ಲ. ಎಲ್ಲ ಮುಗಿದ ಮೇಲೆ ನನ್ನ ಮನೆಯಾಕೆ ಖಾಲಿ ಬಟನ್ನೊಂದನ್ನು ಮುಟ್ಟಿ, ಆಮೇಲೆ ಅಕ್ಕೋರ ಎದೆಗೆ ಬೆರಳು ತೋರಿಸಿದಳು. ಅದಕ್ಕೆ ಅಂಗಿಯ ಗುಂಡಿ ಕೂತಿತು, ನಾದಿನಿ ಇನ್ನೊಂದು ಮಾತು ಹೇಳಿಕೊಟ್ಟಳು. "ಅಕ್ಕೋರನ್ನ ಕರೀರಿ."

ಅಂದು ಸಂಜೆ ಅಭ್ಯಾಸದ ವೇಳೆಯಾಯಿತು ಎಂದು ನಾನು ಶುರುಮಾಡಿದೆ. ಅವಳ ಬೆರಳು ಬಟನ್ನುಗಳ ಮೇಲೆ ತಡಕಾಡಿ ಬೀಜದ ಮೇಲೆ ನಿಂತಿತು. "ಸಾಕ್ರಿ ನಿಮ್ಮ ಗದ್ದಲ. ಬಂದು ಕುಂದರ್ರಿ." ನಾನು ಕುಳಿತೆ. ಅವಳ ಮುಖದ ಎಡಭಾಗ ಮಾತ್ರ ನಕ್ಕಿತು. ಎದುರಿಗೆ ನಿಂತ ಅಕ್ಕೋರು ಕಣ್ಣು ಒರೆಸಿಕೊಂಡು, ಸೊಲ್ಯೂಷನ್ ಅಗದಿ ಘಾಟ ಐತ್ರಿ ಎಂದರು.

ಆಮೇಲೆ ಅವಳು ಅಭ್ಯಾಸಕ್ಕೆ ಮರಳಿದಳು. ಕಾಲಕ್ರಮದಲ್ಲಿ ಹೂಂ, ಒಲ್ಲೆ, ಬಾ ಎಂಬಂಥ ಕೆಲವು ಮಾತು ಬಾಯಿಗೇ ಬಂದವು. ಉಳಿದದ್ದನ್ನೆಲ್ಲ ಕೀಬೋರ್ಡು ಆಡುತ್ತಿತ್ತು. ಹೆಣ್ಣುಮಕ್ಕಳು ಮತ್ತೆ ಕಟ್ಟೆಗೆ ಬಂದರು. ಎಲ್ಲಕ್ಕಿಂತ ಹೆಚ್ಚು ಸವೆದದ್ದು ಅಂಗಿಯ ಗುಂಡಿ. ಅದು ಕೂಗಿದೊಡನೆ ನಾನು ಹಿತ್ತಲ ಬಾಗಿಲಿಗೆ ಹೋಗಿ "ಅಕ್ಕೋರ!" ಎಂದು ಕರೆಯುವುದು, ಅವರು ಒದ್ದೆ ಕೈಯನ್ನು ಸೀರೆಗೆ ಒರೆಸುತ್ತ ಸಂದಿನಿಂದ ಬರುವುದು. ಏನೂ ಕೆಲಸವಿರುತ್ತಿರಲಿಲ್ಲ. ಇಬ್ಬರೂ ಸುಮ್ಮನೆ ಕೂರುತ್ತಿದ್ದರು. ನನ್ನ ಗಂಟೆ ಬೆಳಗಿನದೊಂದೇ ಉಳಿಯಿತು.

ಕೆಲವು ವರ್ಷಗಳ ನಂತರ ಅಕ್ಕೋರಿಗೇ ಕಾಯಿಲೆ ಬಂತು. ಧಾರವಾಡದ ಆಸ್ಪತ್ರೆಗೆ ಹೋಗಿಬಂದು ಮಾಡಿದರು. ಕೊನೆಯ ಸಲ ಹೋಗುವ ಮುಂಚೆ ನಮ್ಮಲ್ಲಿಗೆ ಬಂದು ಒಂದೊಂದು ಬಟನ್ನನ್ನೂ ಒತ್ತಿ ಅಲುಗಾಡಿಸಿ ನೋಡಿದರು. "ನನಕಿಂತ ಇದ ಗಟ್ಟಿ ಐತ್ರಿ ಕಾಕೂ" ಎಂದು ನಕ್ಕರು. ನನ್ನ ಮನೆಯಾಕೆ ನಗಲಿಲ್ಲ. ಅವರ ಕೈಯನ್ನು ಎಡಗೈಯಲ್ಲಿ ಹಿಡಿದವಳು ಬಹಳ ಹೊತ್ತು ಬಿಡಲಿಲ್ಲ...

ಆ ಮಳೆಗಾಲದಲ್ಲಿ ಅವರು ಹೋದರು. ಅವರ ಯಜಮಾನರು ಕುಂದಗೋಳದ ತಮ್ಮನ ಮನೆ ಸೇರಿದರು. ಕ್ಲಾಸಿದ್ದಲ್ಲಿ ಈಗ ಮೊಬೈಲ್ ಅಂಗಡಿ ಇದೆ. ದೂರದ ದೇಶದ ಆ ಮನುಷ್ಯ ಇನ್ನೂ ಮುಂಜಾನೆ ಎದ್ದು ಅವರ ಗಡಿಯಾರವನ್ನೇ ನೋಡುತ್ತಿರಬಹುದು. ಅವನಿಗೆ ಸುದ್ದಿ ಮುಟ್ಟಿಸುವವರು ಯಾರು?

ಈ ಸಲ ಕಂಪ್ಯೂಟರು ಕೆಟ್ಟಾಗ ಹುಬ್ಬಳ್ಳಿಯ ರಿಪೇರಿಯವರು ಹೊಸದು ಕೊಳ್ಳಿರಿ ಎಂದರು. ಅವರ ಅಂಗಡಿಯ ಹೊಸ ಕಂಪ್ಯೂಟರಿನಲ್ಲಿ ಅಕ್ಕೋರ ಪ್ರೋಗ್ರಾಮು ತೆರೆಯಲೇ ಇಲ್ಲ. ಅದನ್ನು ತಿದ್ದಲು ಬಲ್ಲವರು ಅದನ್ನು ಬರೆದವರೊಬ್ಬರೇ. ಹೇಗಾದರೂ ಮಾಡಿ ಹಳೆಯದನ್ನೇ ಎಬ್ಬಿಸಿ ಕೊಡಿರಿ ಎಂದು ಹಟ ಹಿಡಿದೆ. ಕೆಲಸ ಮುಗಿಸಿದ ಮೇಲೆ ಅವರು ಕೀಬೋರ್ಡನ್ನು ಕೈಯಲ್ಲಿ ತಿರುಗಿಸಿ, "ಸರ, ಈ ಕಸಾ ಎಲ್ಲಾ ಕಿತ್ತು ಸ್ವಚ್ಛ ಮಾಡಿಕೊಡ್ಲೇನ್ರಿ?" ಎಂದರು. "ಕೈ ಹಚ್ಚಬ್ಯಾಡ್ರಿ" ಎಂದೆ. ಶಾಲೆ ಬಿಟ್ಟ ಮೇಲೆ ಆ ದನಿಯಲ್ಲಿ ನಾನು ಯಾರಿಗೂ ಹೇಳಿರಲಿಲ್ಲ.

ಬೀಜ ಅಂಟಿತು. ಸೊಲ್ಯೂಷನ್ ಒಣಗುವ ತನಕ ಕಾದು ವೈರುಗಳನ್ನು ಜೋಡಿಸಿದೆ. ಫ್ಯಾನಿನ ಹಳೆಯ ಗುರುಗುರು ಶುರುವಾಯಿತು. ನನ್ನ ಮನೆಯಾಕೆಯ ಎಡಗೈ ಬಟನ್ನುಗಳ ಮೇಲೆ ನಿಧಾನ ಸರಿಯಿತು. ಪಾಲಿಷ್ ಪೇಪರು, ಕವಡೆ, ಬೀಜ... ಅಂಗಿಯ ಗುಂಡಿಯ ಮೇಲೆ ಬಂದು ನಿಂತಿತು. ಅಕ್ಕೋರು ಇಲ್ಲವೆಂದು ಅವಳಿಗೆ ಗೊತ್ತಿದೆ. ನನಗೂ ಗೊತ್ತಿದೆ. ಆದರೂ ಒತ್ತಿದಳು.

"ಅಕ್ಕೋರನ್ನ ಕರೀರಿ."

ರೂಢಿಯಂತೆ ಎದ್ದೆ. ಹಿತ್ತಲ ಬಾಗಿಲು ತೆರೆದೆ. ಗೋಡೆಯ ಸಂದಿನಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿತ್ತು, ಆಚೆಯ ತಂತಿಯ ಮೇಲೆ ಒಂದು ಬಟ್ಟೆಯೂ ಇರಲಿಲ್ಲ. "ಅಕ್ಕೋರ..." ಎಂದೆ. ನನಗೇ ಕೇಳಿಸದಷ್ಟು ಮೆಲ್ಲಗೆ ಬಂತು. ಬಾಗಿಲ ಚೌಕಟ್ಟು ಹಿಡಿದು ಅಲ್ಲೇ ನಿಂತೆ.

ಒಳಗಿನಿಂದ ಧ್ವನಿ ಕೇಳಿತು.

"ಸಾಕ್ರಿ ನಿಮ್ಮ ಗದ್ದಲ. ಬಂದು ಕುಂದರ್ರಿ."

ಬಾಗಿಲು ಹಾಕಿಕೊಂಡು ಬಂದು, ಅವಳ ಬಾಜು ಕುಳಿತೆ.