ಒಳಗೆ ಮಡಚಿಟ್ಟ ಬಟ್ಟೆ

ಅವರ ಎಡಗೈಯಲ್ಲಿ, ಮೊಣಕೈಯ ಕೆಳಗೆ, ಹಗ್ಗದಷ್ಟು ದಪ್ಪನೆಯ ಒಂದು ನರ ಉಬ್ಬಿಕೊಂಡಿತ್ತು. ಡಯಾಲಿಸಿಸ್ಸಿನ ಸೂಜಿ ಚುಚ್ಚಲಿಕ್ಕೆಂದು ಡಾಕ್ಟರರು ಆಪರೇಶನ್ ಮಾಡಿ ಕೂಡಿಸಿದ ನರ ಅದು. ಮೇಲೆ ಬೆರಳಿಟ್ಟರೆ ಒಳಗೆ ಗುಂಯ್ ಎಂದು ನಡುಗುತ್ತಿತ್ತು. ಅಂಗಡಿಗೆ ಬಂದವರಿಗೆಲ್ಲ ಅದನ್ನು ಮುಟ್ಟಿಸುವುದು ಅವರಿಗೊಂದು ಖುಷಿ.

"ನೋಡಿ ಮಾರಾಯ್ರೆ, ಮೋಟಾರು. ಕರೆಂಟು ಹೋದ್ರೂ ನಿಲ್ಲುದಿಲ್ಲ."

ಕಡಬ ಪೇಟೆಯಲ್ಲಿ ಅವರದು ಟೈಲರ್ ಅಂಗಡಿ. ನಾವು ಮಕ್ಕಳು ಕರೆಯುತ್ತಿದ್ದದ್ದು ಟೈಲರ್ ಕಾಕ ಎಂದು. ನಮ್ಮೂರು ಕೋಡಿಂಬಾಳದಿಂದ ಅಮ್ಮ ತಾನು ಕಟ್ಟಿದ ಬೀಡಿ ಕೊಡಲು ಪೇಟೆಗೆ ಬಂದಾಗ, ಜೊತೆಗೆ ಬಂದ ನಾನು ಅವರ ಅಂಗಡಿಯ ಮೆಟ್ಟಿಲಲ್ಲಿ ಕೂತು ಕಾಯುತ್ತಿದ್ದೆ. ನನ್ನ ಯೂನಿಫಾರ್ಮಿನ ಲಂಗಕ್ಕೆ ಅವರು ಕೆಳಗೆ ಗೇಣಗಲ ಬಟ್ಟೆ ಒಳಗೆ ಮಡಚಿ ಹೊಲಿಯುತ್ತಿದ್ದರು. ಪ್ರತಿ ಜೂನ್‌ನಲ್ಲಿ ಹೊಲಿಗೆ ಬಿಚ್ಚಿ ಸ್ವಲ್ಪ ಇಳಿಸುವುದು. ಇಳಿಸಿದಷ್ಟು ಪಟ್ಟಿ ಹೊಸ ನೀಲಿ, ಮೇಲಿನದೆಲ್ಲ ಒಗೆದು ಒಗೆದು ಮಾಸಿದ ನೀಲಿ. ನಾಚಿಕೆಯಾಗುತ್ತದೆ ಎಂದು ಒಮ್ಮೆ ಅತ್ತಿದ್ದೆ.

"ನಾಚಿಕೆ ಎಂತಕ್ಕೆ ಮೋಳೆ? ನೀನು ಎಷ್ಟು ಬೆಳೆದದ್ದು ಅಂತ ಊರಿಗೆ ಗೊತ್ತಾಗ್ಲಿ." ಮಗಳೇ ಎನ್ನುವುದಕ್ಕೆ ಅವರು ಹೇಳುತ್ತಿದ್ದದ್ದು ಮೋಳೆ ಎಂದು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ಹಿಂಜರಿಕೆಯಿಲ್ಲ, ಸುಮ್ಮನೆ ಸಿಕ್ಕಿದ್ದಲ್ಲ ಅದು. ಪುತ್ತೂರಿನಲ್ಲಿ ಕೆಲಸ ಸಿಕ್ಕಿದಾಗ ಮೊದಲ ಚೂಡಿದಾರ ಹೊಲಿದು ಕೊಟ್ಟವರೂ ಅವರೇ. "ಇದಕ್ಕೆ ಮಡಿಕೆ ಇಡ್ಲಿಲ್ಲ. ನೀನು ಬೆಳೆದಾಯ್ತು" ಎಂದಿದ್ದರು.

ಶುಗರ್ ಅವರ ಎರಡೂ ಕಿಡ್ನಿಗಳನ್ನು ತಿಂದಿತು. ಡಯಾಲಿಸಿಸ್ಸಿಗೆ ಪುತ್ತೂರಿಗೆ ಹೋಗುವ ದಿನ ನಮ್ಮಿಬ್ಬರದೂ ಒಂದೇ ಬಸ್ಸು. ಸಂಜೆ ಕೆಲಸ ಮುಗಿಸಿ ನಾನು ಆಸ್ಪತ್ರೆಗೆ ಹೋಗಿ ಅವರ ಜೊತೆಗೇ ಹಿಂತಿರುಗುತ್ತಿದ್ದೆ. ಹಾಗೆ ವರ್ಷಗಳೇ ಕಳೆದವು.

ಡಯಾಲಿಸಿಸ್ಸಿನವರ ಲೋಕದಲ್ಲಿ ತೂಕವೇ ಎಲ್ಲ. ಮೂತ್ರ ಸರಿಯಾಗಿ ಹೋಗುವುದಿಲ್ಲವಲ್ಲ, ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ. ಒಳಗೆ ಹೋಗುವ ಮೊದಲು ತೂಕದ ಮೆಷಿನ್ನಿನ ಮೇಲೆ ನಿಲ್ಲಬೇಕು. ಹೆಚ್ಚಿದ್ದರೆ ನರ್ಸಮ್ಮನಿಂದ ಬೈಗುಳ, ಕಡಿಮೆ ಇದ್ದರೆ ಶಾಭಾಸ್. ಟೈಲರ್ ಕಾಕ ಬಾಯಾರಿದರೆ ಗಂಟಲು ಒದ್ದೆಯಾಗುವಷ್ಟೇ ಕುಡಿಯುವವರು. ಪಕ್ಕದ ಮಂಚದ ಸುಳ್ಯದ ಗೌಡರಿಗೆ ಇದನ್ನು ಕಂಡರೆ ಆಗದು.

"ನೀವು ಗಂಜಿಯ ತಿಳಿ ಬಿಟ್ಟು ಅನ್ನವನ್ನು ಹಿಂಡಿ ತಿನ್ನುದಾ ಕಾಕ? ನಿಮ್ಮಿಂದಾಗಿ ನನಗೆ ಬೈಗುಳ."

"ಅದಕ್ಕೆ ಬಾಯಿಗೆ ಗುಂಡಿ ಹಾಕ್ಬೇಕು ಗೌಡ್ರೆ. ಬನ್ನಿ ಅಂಗಡಿಗೆ, ಹಾಕಿ ಕೊಡ್ತೇನೆ."

ಈ ನಡುವೆ ಅವರ ಹೆಂಡತಿ ತನ್ನದೊಂದು ಕಿಡ್ನಿ ಕೊಡಲು ಮುಂದಾದರು. ಪರೀಕ್ಷೆ ಮಾಡಿಸಿದಾಗ ಹೊಂದುತ್ತದೆ ಎಂದು ತಿಳಿಯಿತು. ಆ ದಿನ ಬಸ್ಸಿನಲ್ಲಿ ಕಾಕ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಅದು ಕೂತ ಮೇಲೆ ಎರಡು ಗ್ಲಾಸು ನೀರು ಒಟ್ಟಿಗೆ ಕುಡೀಬಹುದಲ್ಲ ಮೋಳೆ?"

ಅದೇ ದಿನಗಳಲ್ಲಿ ಅವರ ತೂಕ ಇಳಿಯತೊಡಗಿತು. ಪ್ರತಿ ಸಲವೂ ಶಾಭಾಸ್. ಪ್ಯಾಂಟು ಸಡಿಲವಾದಾಗ ತಾವೇ ಅದರ ಸೊಂಟ ಒಳಗೆ ಮಡಚಿ ಹೊಲಿದುಕೊಂಡರು. ಹೆಚ್ಚಿನ ಬಟ್ಟೆ ಕತ್ತರಿಸಲಿಲ್ಲ. "ಕಿಡ್ನಿ ಹಾಕಿದ ಮೇಲೆ ಹೊಟ್ಟೆ ಬರ್ತದಂತೆ. ಆಗ ಬಿಚ್ಚುದು." ಸ್ವಲ್ಪ ಸಮಯಕ್ಕೆ ಮತ್ತೊಂದು ಹೊಲಿಗೆ, ಆಮೇಲೆ ಇನ್ನೊಂದು. ನಾವು ನಕ್ಕೆವು. ಗೌಡರು, "ಈ ಕಾಕ ಮದುವೆಗೆ ತಯಾರಾಗುದು ಮಾರಾಯ್ರೆ" ಎಂದರು. ಸೊಂಟ ಸಣ್ಣಗಾಗುತ್ತಿದ್ದಾಗ ಪಾದ ಮಾತ್ರ ಬಾತುಕೊಳ್ಳುತ್ತಿತ್ತು, ಮೆಟ್ಟಿಲು ಹತ್ತಿದರೆ ಏದುಸಿರು. ಒಮ್ಮೆ ಹನಿ ಮೂತ್ರ ಕೆಂಪಗೆ ಹೋಯಿತಂತೆ. ರಕ್ತ ಹೆಪ್ಪುಗಟ್ಟದ ಹಾಗೆ ಮೆಷಿನ್ನಿನಲ್ಲಿ ಕೊಡುವ ಔಷಧದಿಂದ ಇರಬೇಕೆಂದು ಹೆಂಡತಿಗೆ ಮಾತ್ರ ಹೇಳಿ ಸುಮ್ಮನಾದರು. ಎಲ್ಲದಕ್ಕೂ ಕಾರಣ ಕಿಡ್ನಿ ಎಂದಾದ ಮೇಲೆ ಇನ್ನೊಂದು ಕಾರಣವನ್ನು ಯಾರು ಹುಡುಕುತ್ತಾರೆ?

ಕಿಡ್ನಿ ಜೋಡಿಸುವ ಮೊದಲಿನ ಕೊನೆಯ ಸ್ಕ್ಯಾನಿಗೆ ಮಂಗಳೂರಿಗೆ ಹೋಗುವಾಗ ಕಾಕ ಹೆಂಡತಿಯ ಜೊತೆಗೆ ನನ್ನನ್ನೂ ಕರೆದರು. "ನೀನು ಡಿಗ್ರಿ ಆದವಳು. ಡಾಕ್ಟರ್ರು ಹೇಳುದು ನನಗೆ ತಲೆಗೆ ಹೋಗುದಿಲ್ಲ." ನಾನು ಹೆಮ್ಮೆಯಿಂದಲೇ ಹೋದೆ.

ಡಾಕ್ಟರರು ಅರ್ಥವಾಗುವ ಕನ್ನಡದಲ್ಲಿಯೇ ಹೇಳಿದರು. ಬತ್ತಿಹೋದ ಹಳೆಯ ಕಿಡ್ನಿಯಲ್ಲಿ ಗಡ್ಡೆ ಬೆಳೆದಿದೆ. ಕ್ಯಾನ್ಸರ್. ಶ್ವಾಸಕೋಶಕ್ಕೂ ಹರಡಿದೆ. ಕಿಡ್ನಿ ಪೂರ್ತಿ ಹೋದವರಿಗೆ, ಅದರಲ್ಲೂ ವರ್ಷಗಟ್ಟಲೆ ಡಯಾಲಿಸಿಸ್ಸಿನಲ್ಲಿರುವವರಿಗೆ, ಇದು ಬೇರೆಯವರಿಗಿಂತ ಹೆಚ್ಚಾಗಿ ಬರುವುದುಂಟು. ಇಳಿದದ್ದು ನೀರಲ್ಲ, ಮಾಂಸ. ಮಾಂಸ ಕರಗಿದ ಜಾಗದಲ್ಲಿ ನೀರು ಅಡಗಿ ಕೂತಿತ್ತು, ಪಾದ ಬಾತದ್ದು ಅದಕ್ಕೇ.

"ಕಿಡ್ನಿ ಹಾಕಿದ್ರೆ?" ಎಂದು ನಾನು ಕೇಳಿದೆ.

"ಈಗ ಆಗುದಿಲ್ಲ. ಹೊಸ ಕಿಡ್ನಿಯನ್ನು ದೇಹ ದೂಡದ ಹಾಗೆ ಔಷಧ ಕೊಡ್ಬೇಕಾಗ್ತದೆ. ಆ ಔಷಧ ದೇಹದ ಕಾವಲನ್ನೇ ಕಡಿಮೆ ಮಾಡ್ತದೆ. ಗಡ್ಡೆ ಮತ್ತೂ ಬೇಗ ಬೆಳೀಬಹುದು."

ನನಗೆ ಪ್ರತಿಯೊಂದು ಮಾತೂ ಅರ್ಥವಾಯಿತು. ಮುಂದೆ ಕೇಳಲು ಒಂದು ಪ್ರಶ್ನೆಯೂ ಉಳಿಯಲಿಲ್ಲ. ನಾನು ಓದಿದ್ದು ಅಷ್ಟಕ್ಕೇ ಬಂತು.

ಹೊರಗಿನ ಬೆಂಚಿನಲ್ಲಿ ಕೂತು ಕಾಕ ತಮ್ಮ ಬಾತ ಪಾದ ನೋಡಿಕೊಂಡರು. ಆಮೇಲೆ, "ಇಷ್ಟು ವರ್ಷ ಒಂದು ಕೆಲಸ ಮಾಡ್ಲಿಲ್ಲ ಈ ಕಿಡ್ನಿ. ಮಾಡಿದ್ದು ಇದೊಂದು" ಎಂದರು. ಅವರ ಹೆಂಡತಿ ನಗಲಿಲ್ಲ. ತನ್ನ ಸೊಂಟದ ಬದಿಗೆ ಕೈಯಿಟ್ಟುಕೊಂಡು ನನ್ನನ್ನೇ ನೋಡಿದರು. "ನನ್ನದು ಸರಿಯಾಗಿ ಉಂಟಲ್ಲ ಮಗಾ. ಕೊಡ್ತೇನೆ ಅಂತ ಹೇಳಿಯೂ ಆಗಿದೆ. ಇನ್ನು ಎಂತ ಮಾಡುದು ಅದನ್ನು?"

ಗಡ್ಡೆಗೆ ಮಾತ್ರೆ ಶುರುವಾಯಿತು. ಡಯಾಲಿಸಿಸ್ಸೂ ನಡೆಯಿತು. ಈಗ ಮೆಷಿನ್ನಿನ ಮೇಲೆ ನಿಂತಾಗ ಯಾರೂ ಶಾಭಾಸ್ ಹೇಳುತ್ತಿರಲಿಲ್ಲ. ಗೌಡರು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದರು. ಮಳೆ ಬಿಡುವ ಹೊತ್ತಿಗೆ ಟೈಲರ್ ಕಾಕ ಬಸ್ಸು ಹತ್ತಲಾರದಾದರು, ಚಳಿ ಶುರುವಾಗುವಾಗ ಹೋದರು. ಕೊನೆಯ ದಿನ ಅವರು ಕೇಳಿದಷ್ಟು ನೀರು ಕೊಟ್ಟರಂತೆ. ಎರಡು ಗುಟುಕು ಕುಡಿದು, "ಸಾಕು, ನರ್ಸಮ್ಮ ಬೈತಾರೆ" ಎಂದರಂತೆ.

ಕೆಲವು ತಿಂಗಳು ಕಳೆದು ಅವರ ಮನೆಗೆ ಹೋದಾಗ ಹೆಂಡತಿ ಜಗಲಿಯಲ್ಲಿ ಕೂತು ಅವರ ಪ್ಯಾಂಟಿನ ಹೊಲಿಗೆ ಬಿಚ್ಚುತ್ತಿದ್ದರು. ಯಾರಿಗಾದರೂ ಕೊಡುವುದಂತೆ, ಇದ್ದ ಹಾಗೆ ಕೊಟ್ಟರೆ ದೊಡ್ಡವರಿಗೆ ಯಾರಿಗೂ ಆಗುವುದಿಲ್ಲ. ನಾನೂ ಒಂದನ್ನು ತೆಗೆದುಕೊಂಡು ಕೂತೆ. ಹೊಲಿಗೆಯ ಒಳಗೆ ಹೊಲಿಗೆ, ಅದರ ಒಳಗೆ ಇನ್ನೊಂದು. ಹೊರಗಿನ ಬಟ್ಟೆ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು. ಮಡಿಕೆ ಬಿಡಿಸಿದಂತೆ ಒಳಗಿನಿಂದ ಅಚ್ಚ ಕಪ್ಪು ಪಟ್ಟಿ ಅಗಲವಾಗುತ್ತಾ ಬಂತು, ಅಂಗಡಿಯಿಂದ ನಿನ್ನೆ ತಂದಷ್ಟು ಹೊಸದಾಗಿ.